ಮೈದುನನ ಟೆಂಡರು, ನನ್ನ ಕಾಗದ

ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಸಹಾಯಕ ಎಂಜಿನಿಯರ್. ಕೆಲಸ ಕುಮಟಾ ಕಡೆ, ಮನೆ ಅಂಕೋಲಾ ಕಡೆ. ಇಲಾಖೆ ಯಾವುದು, ಕಚೇರಿ ಎಲ್ಲಿ ಅನ್ನೋದನ್ನು ಇಲ್ಲಿ ಬಿಡುತ್ತೇನೆ. ವಿಷಯ ಇಷ್ಟೇ: ನನ್ನ ಮೈದುನ ಗುತ್ತಿಗೆದಾರ. ನಾನು ಎಸ್ಟಿಮೇಟ್ ಮಾಡಿದ ಕೆಲಸಕ್ಕೇ ಅವನು ಟೆಂಡರ್ ಹಾಕಲು ಹೊರಟ. ಈ ಫೈಲು ನನ್ನ ಹತ್ತಿರ ಬೇಡ, ಬೇರೆಯವರಿಗೆ ಕೊಡಿ ಅಂತ ನಾನು ಮೇಲಾಧಿಕಾರಿಗೆ ಬರೆದುಕೊಟ್ಟೆ. ಒಂದೇ ಪುಟದ ಕಾಗದ. ಅದು ಮನೆಯಲ್ಲೂ ಕಚೇರಿಯಲ್ಲೂ ಎಬ್ಬಿಸಿದ ಗಲಾಟೆ ಇನ್ನೂ ಪೂರ್ತಿ ಮುಗಿದಿಲ್ಲ.

ಕೆಲಸವೂ ದೊಡ್ಡದೇನಲ್ಲ. ಅಘನಾಶಿನಿ ಹಿನ್ನೀರಿನ ಅಂಚಿಗೆ ಒಂದು ಊರು. ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗಲೆಲ್ಲ ಉಪ್ಪುನೀರು ರಸ್ತೆಯ ಬುಡ ಕೊರೆಯುತ್ತದೆ. ಅಲ್ಲಿಗೆ ಒಂದು ತಡೆಗೋಡೆ, ಪಕ್ಕದ ಹಳ್ಳಕ್ಕೆ ಒಂದು ಕಾಲುಸಂಕ. ಎಸ್ಟಿಮೇಟ್ ಮಾಡುವ ಮೊದಲು ಗೋಡೆ ಬರುವ ಜಾಗದಲ್ಲಿ ಅಲ್ಲಲ್ಲಿ ಗುಂಡಿ ತೋಡಿಸಿ ನೋಡಿದ್ದೆ. ಒಂದು ತುದಿಯಲ್ಲಿ ಕೆಸರು ತೆಗೆದ ಕೂಡಲೇ ಗಟ್ಟಿ ನೆಲ ಸಿಕ್ಕಿತು. ಇನ್ನೊಂದು ತುದಿಯಲ್ಲಿ, ಸಂಕದ ಹತ್ತಿರ, ಎಷ್ಟು ತೋಡಿದರೂ ಜೇಡಿ. ಹಾರೆ ಹಾಕಿದರೆ ಹಾರೆಯೇ ಒಳಗೆ ಹೋಗುತ್ತಿತ್ತು. ಎಸ್ಟಿಮೇಟಿನಲ್ಲಿ ಸರಾಸರಿ ಆಳ ಹಿಡಿದಿದ್ದೆ. ಆದರೆ ಕೆಲಸ ಶುರುವಾದ ಮೇಲೆ ಯಾವ ಮೂಲೆಯಲ್ಲಿ ಅಗೆತ ಜಾಸ್ತಿ ಆಗುತ್ತದೆ, ಎಲ್ಲಿ ಪಾಯದ ಕಲ್ಲು ಹೆಚ್ಚು ಹಿಡಿಯುತ್ತದೆ ಅನ್ನೋದು ನನಗೆ ಮತ್ತು ಗುಂಡಿ ತೋಡಿದ ಆಳುಗಳಿಗೆ ಮಾತ್ರ ಗೊತ್ತಿತ್ತು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತೇನೆ ಅಂದರೆ, ಟೆಂಡರ್ ಅಂದ ಕೂಡಲೇ ಜನ ಯೋಚಿಸೋದು ಲಕೋಟೆ, ಕಮಿಷನ್ ಅಂತ. ಅಗೆತ, ಕಲ್ಲು ಹೀಗೆ ಒಂದೊಂದು ಬಾಬಿಗೂ ಬೇರೆ ಬೇರೆ ದರ ಹಾಕುವ ಐಟಂ ದರದ ಟೆಂಡರಿನಲ್ಲಿ ಅಷ್ಟೆಲ್ಲ ಬೇಕಾಗೋದಿಲ್ಲ. ಪಾಯದ ಅಗೆತ ಹೆಚ್ಚಾಗುತ್ತದೆ ಅಂತ ಮೊದಲೇ ಗೊತ್ತಿದ್ದವನು ಆ ಐಟಮ್ಮಿಗೆ ದರ ಏರಿಸುತ್ತಾನೆ, ಹೆಚ್ಚಾಗದ ಐಟಮ್ಮಿಗೆ ಇಳಿಸುತ್ತಾನೆ. ಒಟ್ಟು ಮೊತ್ತ ಎಲ್ಲರಿಗಿಂತ ಕಡಿಮೆಯೇ ಇರುತ್ತದೆ. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರದವನು, ಅವನೇ. ಕೆಲಸ ನಡೆಯುತ್ತಾ ಆಳ ಹೆಚ್ಚಿದ ಹಾಗೆ ಬಿಲ್ಲೂ ದಪ್ಪ ಆಗುತ್ತದೆ. ಯಾರೂ ಯಾರಿಗೂ ಒಂದು ರೂಪಾಯಿ ಕೊಟ್ಟಿರೋದಿಲ್ಲ. ಎಲ್ಲೋ ಒಂದು ಮಾತು ಬಾಯಿ ತಪ್ಪಿ ಬಂದಿರುತ್ತದೆ, ಅಷ್ಟೇ.

ನಮ್ಮ ಮನೆಯಲ್ಲಿ ಆ ಮಾತು ಊಟದ ಹೊತ್ತಿಗೇ ಬಂತು. ಟೆಂಡರ್ ಆಗಷ್ಟೇ ಕೆಪಿಪಿಪಿ ಅನ್ನುವ ಸರ್ಕಾರದ ಆನ್‌ಲೈನ್ ಟೆಂಡರ್ ಪೋರ್ಟಲ್ಲಿಗೆ ಏರಿತ್ತು. ಮೈದುನ ಬಂಗಡೆ ಸಾರು ಕಲಸುತ್ತಾ ಸಹಜವಾಗಿ ಕೇಳಿದ: “ಅತ್ತಿಗೆ, ಆ ಗೋಡೆ ಪಾಯ ಎಷ್ಟು ಆಳ ಹೋಗ್ಬೋದು?”

“ಟೆಂಡರ್ ಕಾಗದದಲ್ಲಿ ಇದೆಯಲ್ಲ, ನೋಡು” ಅಂದೆ.

“ಅದರಲ್ಲಿರೂದು ನಂಗೂ ಗೊತ್ತು. ನೀವು ಗುಂಡಿ ತೋಡ್ಸಿ ನೋಡಿದ್ರಲ್ಲ, ಅದಕ್ಕೆ ಕೇಳ್ದೆ.”

ಅವನು ಕೆಟ್ಟವನಲ್ಲ. ಕಳ್ಳತನದಿಂದ ಕೇಳಿದ್ದೂ ಅಲ್ಲ. ಅಣ್ಣನ ಹೆಂಡತಿ ಎಂಜಿನಿಯರ್ ಆಗಿರುವಾಗ ಕೆಲಸದ ಬಗ್ಗೆ ಒಂದು ಮಾತು ಕೇಳೋದರಲ್ಲಿ ಅವನಿಗೆ ತಪ್ಪೇ ಕಾಣಲಿಲ್ಲ. ನಾನು ಉತ್ತರ ಕೊಡದೆ ಎದ್ದು ತಟ್ಟೆ ತೊಳೆದೆ. ರಾತ್ರಿ ನಮ್ಮವರ ಹತ್ತಿರ ಹೇಳಿದೆ, “ಅವನು ಈ ಟೆಂಡರ್ ಹಾಕಿದರೆ ನಾನು ಫೈಲ್ ಬಿಡಬೇಕಾಗ್ತದೆ.” ಅವರು ನಕ್ಕರು. “ಅವನು ಹಾಕಿದ್ರೆ ಹಾಕ್ಲಿ. ನೀ ನಿನ್ನ ಕೆಲಸ ಮಾಡು. ನಿಂಗೆಂತ ಸಂಬಂಧ?”

ಸಂಬಂಧ ಇತ್ತು. ಹಿಂದಿನ ವರ್ಷ ಮೈದುನ ಟಿಪ್ಪರ್ ತೆಗೆದುಕೊಂಡಾಗ ಬ್ಯಾಂಕಿನ ಸಾಲಕ್ಕೆ ಜಾಮೀನು ಹಾಕಿದವರು ನಮ್ಮವರೇ. ಮೈದುನನಿಗೆ ಬಿಲ್ ಆಗದಿದ್ದರೆ ಕಂತು ನಿಲ್ಲುತ್ತದೆ. ಕಂತು ನಿಂತರೆ ಬ್ಯಾಂಕಿನವರು ಬರೋದು ನಮ್ಮ ಬಾಗಿಲಿಗೆ. ಅಂದರೆ ಅವನ ಬಿಲ್ ಪಾಸಾಗಲಿ ಅಂತ ಆಸೆಪಡಲು ನನಗೆ ರೊಕ್ಕದ ಕಾರಣವೇ ಇತ್ತು. ಅದೇ ಬಿಲ್ಲಿಗೆ ಅಳತೆ ಬರೆಯುವ ಕೈಯೂ ನನ್ನದೇ.

ಮರುದಿನ ನಿಯಮದ ಪುಸ್ತಕ ತೆಗೆದು ಕೂತೆ. ನಮಗೆ ಮೊದಲು 1966ರ ನಡತೆ ನಿಯಮಗಳಿದ್ದವು. ಅವುಗಳ ಜಾಗಕ್ಕೆ ಈಗ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಬಂದಿವೆ. ನೌಕರ ತಾನೇ ವ್ಯಾಪಾರ ಮಾಡಬಾರದು, ಕುಟುಂಬದವರು ವ್ಯಾಪಾರ ಮಾಡಿದರೆ ಸರ್ಕಾರಕ್ಕೆ ತಿಳಿಸಬೇಕು, ಕುಟುಂಬದವರಿಗೆ ಸಂಬಂಧಪಟ್ಟ ಗುತ್ತಿಗೆ ತನ್ನ ಮುಂದೆ ಬಂದರೆ ತಾನು ತೀರ್ಮಾನ ಮಾಡದೆ ಮೇಲಿನವರಿಗೆ ಕಳಿಸಬೇಕು. ಹೀಗೆ ಹೋಗುತ್ತದೆ ಅದರ ಧಾಟಿ. ಚೆನ್ನಾಗಿಯೇ ಇದೆ. ಆದರೆ ಕುಟುಂಬ ಅಂದರೆ ಯಾರು? ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಮತ್ತೆ ನೌಕರರ ಮೇಲೆ ಪೂರ್ತಿ ಅವಲಂಬಿತರಾದ ಸಂಬಂಧಿಕರು. ನನ್ನ ಮೈದುನ ನನ್ನ ಮೇಲೆ ಅವಲಂಬಿತ ಅಲ್ಲ, ನನಗಿಂತ ಜಾಸ್ತಿ ದುಡಿಯುತ್ತಾನೆ. ಒಂದೇ ಒಲೆಯ ಅನ್ನ ಉಂಡರೂ ಕಾಗದದ ಲೆಕ್ಕದಲ್ಲಿ ಅವನು ನನ್ನ ಕುಟುಂಬಕ್ಕೆ ಸೇರೋದಿಲ್ಲ.

ಇದೇ ವಿಷಯದಲ್ಲಿ ಕೇಂದ್ರದ ಲೋಕೋಪಯೋಗಿ ಇಲಾಖೆ ಸಿಪಿಡಬ್ಲ್ಯೂಡಿಯವರ ಟೆಂಡರ್ ಷರತ್ತು ಎಷ್ಟೋ ಗಟ್ಟಿ. ಯಾವ ಸರ್ಕಲ್ಲಿನಲ್ಲಿ, ಅಂದರೆ ಇಲಾಖೆಯ ಯಾವ ವಲಯದಲ್ಲಿ, ಗುತ್ತಿಗೆದಾರನ ಹತ್ತಿರದ ಸಂಬಂಧಿ ಜೂನಿಯರ್ ಎಂಜಿನಿಯರಿನಿಂದ ಸೂಪರಿಂಟೆಂಡಿಂಗ್ ಎಂಜಿನಿಯರ್‌ವರೆಗಿನ ಹುದ್ದೆಯಲ್ಲೋ ಡಿವಿಜನಲ್ ಅಕೌಂಟೆಂಟ್ ಆಗಿಯೋ ಇದ್ದಾರೋ, ಆ ಸರ್ಕಲ್ಲಿನಲ್ಲಿ ಅವನು ಟೆಂಡರ್ ಹಾಕುವ ಹಾಗೇ ಇಲ್ಲ. ಹತ್ತಿರದ ಸಂಬಂಧಿ ಅಂದರೆ ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ, ಅಣ್ಣ ತಮ್ಮ ಅಕ್ಕ ತಂಗಿ, ಚಿಕ್ಕಪ್ಪ ದೊಡ್ಡಪ್ಪ, ಅವರ ಮಕ್ಕಳು, ಮದುವೆಯಿಂದ ಬಂದ ಅದೇ ನೆಂಟರೂ ಸೇರಿ. ಅದನ್ನು ಬರೆದವರಿಗೆ ನಮ್ಮ ದೇಶದ ಮನೆಗಳು ಹೇಗಿರುತ್ತವೆ ಅಂತ ಗೊತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಆ ಷರತ್ತು ಹಾಕಿದರೆ ಟೆಂಡರ್ ಹಾಕಲು ಯಾರು ಉಳಿಯುತ್ತಾರೆ ಅನ್ನೋದು ಬೇರೆ ಪ್ರಶ್ನೆ. ನಮ್ಮಲ್ಲಿ ಹುಡುಕಿದರೆ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಕಡೆಯಿಂದ ಭಾವ ಆಗಿರುತ್ತಾರೆ.

ಮನೆಯಲ್ಲಿ ಮೊದಲು ಅರ್ಥ ಮಾಡಿಕೊಂಡವರು ಮಾವ. ಅವರು ಹಿಂದೊಮ್ಮೆ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದವರು. “ಪಂಚಾಯ್ತಿ ಕೆಲಸದಲ್ಲಿ ಮೆಂಬರಿಗೆ ಪಾಲು ಇದ್ರೆ ಮೆಂಬರ್‌ಗಿರಿಯೇ ಹೋಗ್ತದೆ ತಂಗಿ. ನಂಗೆ ಆಗ ಸೆಕ್ರೆಟರಿ ಓದಿ ಹೇಳಿದ್ದ” ಅಂದರು. ಅದು ನಿಜ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಸದಸ್ಯರಿಗೆ ಈ ಅನರ್ಹತೆ ಇದೆ. ನೇರವಾಗಿ ಇರಲಿ, ಇನ್ನೊಬ್ಬರ ಮೂಲಕ ಇರಲಿ. ಆಗ ಮಾವನ ದೋಣಿಯಿಂದ ಪಂಚಾಯ್ತಿ ಕೆಲಸಕ್ಕೆ ಮರಳು ಕೇಳಿದಾಗ ಅವರು ಕೊಡಲಿಲ್ಲವಂತೆ. ಅತ್ತೆಗೆ ಆ ಸಿಟ್ಟು ಇನ್ನೂ ಇದೆ. “ಹಾಂ, ಆವಾಗ ನೀವು ಬಿಟ್ರಿ, ಈಗ ಇವಳು ಬಿಡ್ತಾಳೆ. ಈ ಮನೆಗೆ ಬರೂದು ಯಾವುದೂ ಇಲ್ಲ” ಅಂತ ಒಳಗಿನಿಂದಲೇ ಹೇಳಿದರು.

ಕಚೇರಿಯಲ್ಲಿ ಮೊದಲು ಹೋದದ್ದು ಅಧೀಕ್ಷಕರ ಹತ್ತಿರ. ಯಾವ ಕಾಗದಕ್ಕೆ ಯಾವ ನಮೂನೆ ಅನ್ನೋದು ಅವರಿಗೆ ಬಾಯಿಪಾಠ. ವಿಷಯ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದಕ್ಕೆ ನಮೂನೆ ಇಲ್ಲ ಮೇಡಂ. ಆಸ್ತಿ ವಿವರಕ್ಕೆ ಇದೆ, ಮನೆ ತಗೊಂಡ್ರೆ ಇದೆ, ಕಾರು ತಗೊಂಡ್ರೆ ಇದೆ. ಫೈಲ್ ಬೇಡ ಅನ್ನೋದಕ್ಕೆ ಯಾರೂ ಇದುವರೆಗೆ ಕೇಳಿಲ್ಲ.”

ಆಸ್ತಿ ಮತ್ತು ಸಾಲದ ವಿವರ ನಾವೆಲ್ಲ ವರ್ಷಕ್ಕೊಮ್ಮೆ ತುಂಬುತ್ತೇವೆ. ಎಷ್ಟು ತೊಲ ಬಂಗಾರ, ಎಷ್ಟು ಗುಂಟೆ ಜಮೀನು. ಅದು ಲಕೋಟೆಯಲ್ಲಿ ಹೋಗಿ ಬೀರುವಿನಲ್ಲಿ ಕೂರುತ್ತದೆ. ಮುಂದೊಂದು ದಿನ ದಾಳಿಯಾದರೆ ಆಸ್ತಿ ಎಷ್ಟು ಬೆಳೆದಿದೆ ಅಂತ ತಾಳೆ ನೋಡಲು ಅದು ಬೇಕು, ಒಪ್ಪುತ್ತೇನೆ. ಆದರೆ ಇವತ್ತು ಬೆಳಿಗ್ಗೆ ಈ ಫೈಲು ನನ್ನ ಮೇಜಿಗೆ ಬರಬೇಕೋ ಬೇಡವೋ ಅನ್ನೋದನ್ನು ಆ ಲಕೋಟೆ ಹೇಳೋದಿಲ್ಲ. ಆಗಿಹೋದ ಮೇಲೆ ಹಿಡಿಯಲು ನಮ್ಮಲ್ಲಿ ಲೋಕಾಯುಕ್ತ ಇದೆ, ಭ್ರಷ್ಟಾಚಾರ ತಡೆ ಕಾಯ್ದೆ ಇದೆ. ಆಗುವ ಮೊದಲೇ ಬದಿಗೆ ಸರಿಯಲು ಒಂದು ಅರ್ಧ ಪುಟದ ನಮೂನೆ ಇಲ್ಲ.

ಹಾಗಾಗಿ ನಾನೇ ಬರೆದೆ. ಭಾಷೆ ಸಾದಾ ಇಟ್ಟೆ. ಈ ಕಾಮಗಾರಿಯ ಎಸ್ಟಿಮೇಟ್ ತಯಾರಿಸಿದ್ದು ನಾನು. ಇದಕ್ಕೆ ನನ್ನ ಗಂಡನ ತಮ್ಮ ಟೆಂಡರ್ ಹಾಕುವ ಸಾಧ್ಯತೆ ಇದೆ. ಅವರು ನಮ್ಮ ಜೊತೆಗೇ ವಾಸವಿದ್ದಾರೆ. ಅವರ ವಾಹನ ಸಾಲಕ್ಕೆ ನನ್ನ ಗಂಡ ಜಾಮೀನುದಾರರು. ಆದ್ದರಿಂದ ಈ ಕಾಮಗಾರಿಯ ಟೆಂಡರ್ ಪರಿಶೀಲನೆ, ಅಳತೆ ಮತ್ತು ಬಿಲ್ಲಿನ ಕೆಲಸವನ್ನು ಬೇರೆ ಎಂಜಿನಿಯರಿಗೆ ವಹಿಸಬೇಕು. ಕೊನೆಗೆ ಒಂದು ಸಾಲು ಸೇರಿಸಿದೆ: ಜಾಗದಲ್ಲಿ ತೋಡಿದ ಗುಂಡಿಗಳ ವಿವರವನ್ನು ಟೆಂಡರ್ ಹಾಕುವ ಎಲ್ಲರಿಗೂ ಕಾಣುವ ಹಾಗೆ ಪೋರ್ಟಲ್ಲಿನಲ್ಲಿ ಹಾಕಬೇಕು.

ಈ ಕೊನೆಯ ಸಾಲಿನ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ. ನಾನು ಬದಿಗೆ ಸರಿದರೂ ನನ್ನ ತಲೆಯಲ್ಲಿದ್ದ ಗುಂಡಿಯ ಆಳ ನನ್ನ ಜೊತೆಗೇ ಮನೆಗೆ ಬರುತ್ತದೆ ಅಲ್ವಾ? ಅದು ಎಲ್ಲರಿಗೂ ಗೊತ್ತಾದರೆ ಮಾತ್ರ ಊಟದ ಹೊತ್ತಿನ ಪ್ರಶ್ನೆಗೆ ಬೆಲೆ ಇರೋದಿಲ್ಲ.

ನಮ್ಮ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್; ಅವರ ಮೇಲಿನವರು ಇಇ, ಕಾರ್ಯನಿರ್ವಾಹಕ ಎಂಜಿನಿಯರ್) ಕಾಗದ ಓದಿ, ಮಡಚಿ, ನನಗೇ ವಾಪಸ್ ಕೊಟ್ಟರು. “ಬಾಯಲ್ಲಿ ಹೇಳಿದ್ರಿ, ಸಾಕು. ಬರೆದುಕೊಟ್ರೆ ನಾನು ಉತ್ತರ ಬರೀಬೇಕು. ನಾನು ಬರೆದ್ರೆ ಇಇ ಸಾಹೇಬ್ರು ಬರೀಬೇಕು. ಎಂತಕ್ಕೆ ಸುಮ್ನೆ?” ಅಲ್ಲೇ ಇದ್ದ ಇನ್ನೊಬ್ಬ ಹಿರಿಯರು ಚಹಾ ಕುಡಿಯುತ್ತಾ ಅಂದರು, “ಬೇಲೇಕೇರಿಯಲ್ಲಿ ಜಪ್ತಿ ಮಾಡಿದ ಅದಿರೇ ಹಡಗು ಹತ್ತಿ ಹೋಯ್ತು. ನೀವು ಒಂದು ತಡೆಗೋಡೆಗೆ ಹೆದರ್ತೀರಲ್ಲ ಮೇಡಂ.” ಬೇಲೇಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಕಬ್ಬಿಣದ ಅದಿರು ಕಾಣೆಯಾದ 2010ರ ಆ ಕಥೆ ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ಇವತ್ತಿಗೂ ಎಲ್ಲದಕ್ಕೂ ಉತ್ತರ. ದೊಡ್ಡದು ನಡೆದುಹೋಗಿದೆ, ಚಿಕ್ಕದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಅಂತ. ಬೇಲೇಕೇರಿಯಲ್ಲಿ ಅಷ್ಟು ಅದಿರು ಹೋಗಬೇಕಾದರೆ ಎಷ್ಟೋ ಚಿಕ್ಕ ಕಾಗದಗಳು ಎಷ್ಟೋ ಮೇಜು ದಾಟಿರಬೇಕು ಅಂತ ನನಗನ್ನಿಸಿತು. ಹೇಳಲಿಲ್ಲ. ಹಿರಿಯರು, ಮುಂದಿನ ವರ್ಷ ನಿವೃತ್ತಿ.

ಬಾಯಿಮಾತು ಸಾಕಾಗೋದಿಲ್ಲ ಅನ್ನೋದು ನನಗೆ ಸ್ಪಷ್ಟ ಇತ್ತು. ಎಇಇ ವರ್ಗ ಆಗಿ ಹೋದರೆ ಮಾತೂ ಅವರ ಜೊತೆ ಹೋಗುತ್ತದೆ. ಕಾಗದವನ್ನು ಟಪಾಲು ವಿಭಾಗಕ್ಕೆ ಕೊಟ್ಟು ಆವಕ ನಂಬರ್ ಹಾಕಿಸಿದೆ. ನನ್ನ ಪ್ರತಿಯ ಮೇಲೆ ಸೀಲು, ತಾರೀಕು ತೆಗೆದುಕೊಂಡೆ. ಟೆಂಡರ್ ಹಾಕುವ ಕೊನೆಯ ದಿನಕ್ಕೆ ಇನ್ನೂ ಸಮಯ ಇತ್ತು. ಆ ತಾರೀಕಿನ ಬೆಲೆ ಆಮೇಲೆ ಗೊತ್ತಾಯಿತು.

ಇಇ ಕಚೇರಿಯಿಂದ ಆದೇಶ ಬಂತು. ತಾಂತ್ರಿಕ ಲಕೋಟೆಯ ಪರಿಶೀಲನೆ, ತುಲನಾತ್ಮಕ ಪಟ್ಟಿ ಎಲ್ಲ ಬೇರೆ ಉಪವಿಭಾಗದ ಎಂಜಿನಿಯರಿಗೆ. ಗುಂಡಿಗಳ ವಿವರ ಪೋರ್ಟಲ್ಲಿಗೆ ತಿದ್ದುಪಡಿಯಾಗಿ ಏರಿತು. ಆದೇಶ ಒಳ್ಳೆಯದೇ, ಆದರೆ ಅರ್ಧ. ಅಳತೆ, ಬಿಲ್ಲಿನ ಬಗ್ಗೆ ಒಂದಕ್ಷರ ಇಲ್ಲ. ಕೇಳಿದರೆ, “ಮೊದಲು ಟೆಂಡರ್ ಆಗಲಿ, ನಿಮ್ಮ ಮೈದುನನಿಗೇ ಸಿಗ್ತದೆ ಅಂತ ಏನು?” ಅಂದರು.

ಸಿಕ್ಕಿತು. ಅವನು ಹಾಕಿದ, ನಾಲ್ಕೈದು ಜನ ಹಾಕಿದರು, ದರದಲ್ಲಿ ಅವನದು ಕಡಿಮೆ ಬಂತು. ಟೆಂಡರ್ ಹಾಕೋದು ಅವನ ಹಕ್ಕು, ನಾನು ಬೇಡ ಅನ್ನಲು ಬರೋದಿಲ್ಲ. ಗುಂಡಿಯ ಆಳ ಎಲ್ಲರೂ ನೋಡಿಯೇ ದರ ಹಾಕಿದ್ದರು. ಆದರೂ ಊರಲ್ಲಿ ಮಾತು ಹುಟ್ಟಲು ಇಷ್ಟು ಸಾಕು. “ಅತ್ತಿಗೆ ಎಂಜಿನಿಯರ್ ಅಲ್ದಾ, ಸಿಗದೆ ಎಲ್ಲಿಗೆ ಹೋಗ್ತದೆ?” ಮೀನು ಪೇಟೆಯಲ್ಲಿ ನನ್ನ ಹಿಂದೆಯೇ ನಿಂತು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು.

ಟೆಂಡರ್ ಸಿಗದ ಒಬ್ಬರು ಮೇಲ್ಮನವಿಗೆ ಹೊರಟರು. ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ನಮ್ಮ ರಾಜ್ಯದಲ್ಲಿರುವ 1999ರ ಪಾರದರ್ಶಕತೆ ಕಾಯ್ದೆಯಲ್ಲಿ, ಟೆಂಡರ್ ಒಪ್ಪಿದ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅದಕ್ಕೆ ಮೊದಲು ಅವರು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಕೊಟ್ಟರು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು. ಅವರದು ಅಷ್ಟೂ ಇರಲಿಲ್ಲ. ಗುತ್ತಿಗೆದಾರನಿಗೂ ಎಸ್ಟಿಮೇಟ್ ಮಾಡಿದ ಎಂಜಿನಿಯರಿಗೂ ಏನು ಸಂಬಂಧ? ಅದನ್ನು ತಿಳಿಸಿದ್ದಾರೆಯೇ? ತಿಳಿಸಿದ್ದರೆ ಪ್ರತಿ ಕೊಡಿ. ನನಗಂತೂ ಅದು ಬಹಳ ಒಳ್ಳೆಯ ಪ್ರಶ್ನೆ ಅನ್ನಿಸಿತು.

ನನ್ನ ಕಾಗದದಲ್ಲಿ ಗಂಡನ ಜಾಮೀನಿನ ವಿಷಯ ಇದ್ದದ್ದರಿಂದ ಮಾಹಿತಿ ಅಧಿಕಾರಿ ನನಗೆ ಮೂರನೇ ವ್ಯಕ್ತಿ ಅಂತ ನೋಟಿಸ್ ಕೊಟ್ಟರು. ಕೊಡಬಹುದೋ ಬೇಡವೋ ಹತ್ತು ದಿನದಲ್ಲಿ ಹೇಳಿ ಅಂತ. ಅಧೀಕ್ಷಕರು ನನ್ನ ಪರವಾಗಿಯೇ ಸಲಹೆ ಕೊಟ್ಟರು: “ಬೇಡ ಅನ್ನಿ. ನೌಕರರ ಆಸ್ತಿ ವಿವರ ವೈಯಕ್ತಿಕ ಅಂತ ಸುಪ್ರೀಂ ಕೋರ್ಟೇ ಹೇಳಿದೆ.” ಹೌದು, 2012ರಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಹಾಗೆ ಹೇಳಿದೆ. ದೊಡ್ಡ ಸಾರ್ವಜನಿಕ ಹಿತ ಇದ್ದರೆ ಮಾತ್ರ ಕೊಡಬೇಕು ಅಂತ. ಆದರೆ ನಾನು ಆ ಕಾಗದ ಬರೆದದ್ದೇ ಜನ ಕೇಳಿದಾಗ ತೋರಿಸಲು. ಬ್ಯಾಂಕಿನ ಹೆಸರು, ಸಾಲದ ಖಾತೆ ನಂಬರ್ ಮುಚ್ಚಿ ಉಳಿದದ್ದನ್ನು ಕೊಡಿ ಅಂತ ಬರೆದೆ. ಅಷ್ಟು ಭಾಗ ಮುಚ್ಚಿ ಉಳಿದದ್ದು ಕೊಡಲು ಮಾಹಿತಿ ಹಕ್ಕು ಕಾಯ್ದೆಯಲ್ಲೇ ದಾರಿ ಇದೆ.

ಪ್ರತಿ ಹೋಯಿತು. ಟೆಂಡರಿನ ಕೊನೆಯ ದಿನಕ್ಕಿಂತ ಮೊದಲಿನ ತಾರೀಕು, ಸೀಲು, ಆವಕ ನಂಬರ್ ಎಲ್ಲ ಇತ್ತು. ಅವರು ಮೇಲ್ಮನವಿ ಹಾಕಲಿಲ್ಲ. ಆಮೇಲೊಂದು ದಿನ ಕುಮಟಾ ಬಸ್ ನಿಲ್ದಾಣದ ಹತ್ತಿರ ಸಿಕ್ಕಾಗ ಅವರೇ ಮಾತಾಡಿಸಿದರು. “ನೀವು ಬರ್ದಿದ್ದು ಓದ್ದೆ ಮೇಡಂ. ಅಳತೆ ಯಾರು ಬರೀತಾರೆ, ಅದನ್ನೂ ನೋಡ್ತೇನೆ” ಅಂದು ನಕ್ಕರು. ಆ ನಗು ಬೆದರಿಕೆಯೋ ಹೊಗಳಿಕೆಯೋ ಗೊತ್ತಾಗಲಿಲ್ಲ.

ಅವರು ಕೇಳಿದ್ದು ಸರಿಯಾದ ಜಾಗಕ್ಕೇ. ಹೊರಗಿನವರಿಗೆ ಟೆಂಡರ್ ಒಂದೇ ಕಾಣುತ್ತದೆ. ಒಳಗಿದ್ದವರಿಗೆ ಗೊತ್ತು, ನಿಜವಾದ ಅಧಿಕಾರ ಎಂ.ಬಿ.ಯಲ್ಲಿ ಇದೆ. ಎಂ.ಬಿ. ಅಂದರೆ ಅಳತೆ ಪುಸ್ತಕ. ನಾವು ಜಾಗಕ್ಕೆ ಹೋಗಿ ಉದ್ದ, ಅಗಲ, ಆಳ ಬರೆಯುತ್ತೇವೆ. ಎಇಇ ಅದರಲ್ಲಿ ಒಂದಿಷ್ಟು ತಾಳೆ ನೋಡುತ್ತಾರೆ. ಅದರ ಮೇಲೆ ಬಿಲ್, ಬಿಲ್ಲಿನ ಮೇಲೆ ಸರ್ಕಾರದ ಪಾವತಿ ವ್ಯವಸ್ಥೆ ಖಜಾನೆ-2ರಲ್ಲಿ ಹಣ. ತಡೆಗೋಡೆಯ ಅರ್ಧ ಭಾಗ ನೆಲದೊಳಗೆ. ಪಾಯ ಮುಚ್ಚಿದ ಮೇಲೆ ಎಷ್ಟು ಆಳ ಇತ್ತು ಅಂತ ಯಾರೂ ಅಗೆದು ನೋಡೋದಿಲ್ಲ. ಆ ಹೊತ್ತು ಅಲ್ಲಿ ನಿಂತು ಬರೆದವರ ಮಾತೇ ಕೊನೆ. ಅದೂ ಹಿನ್ನೀರಿನ ಜಾಗ, ಇಳಿತದ ಎರಡು ಮೂರು ತಾಸಿನಲ್ಲಿ ಮಾತ್ರ ಪಾಯ ಕಾಣುತ್ತದೆ.

ಕೆಲಸ ಶುರುವಾಗುವ ಹೊತ್ತಿಗೆ ಜಾಗದ ಎಂಜಿನಿಯರ್ ಅಂತ ನನ್ನ ಹೆಸರೇ ಇತ್ತು. ಸೆಕ್ಷನ್ ನನ್ನದು, ಹಾಗಾಗಿ ಎಂ.ಬಿ. ನನ್ನ ಹೆಸರಿಗೇ ಕೊಟ್ಟಿದ್ದರು. ಮತ್ತೆ ಬರೆದೆ, ಹಳೆಯ ಕಾಗದದ ನಂಬರ್ ಉಲ್ಲೇಖಿಸಿ. ಈ ಸಲ ಪುಸ್ತಕವನ್ನೇ ಕಾಗದದ ಜೊತೆ ಕಟ್ಟಿ, ಒಂದು ಪುಟವನ್ನೂ ಬರೆಯದೆ, ವಾಪಸ್ ಕಳಿಸಿದೆ. ಕಾಗದ ಬಂದರೆ ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ನಂಬರ್ ಹಾಕಿದ ಎಂ.ಬಿ. ಬಂದರೆ ಯಾರಿಗಾದರೂ ಕೊಡಲೇಬೇಕು. ಹೊನ್ನಾವರ ಕಡೆಯ ಒಬ್ಬರು ಎಂಜಿನಿಯರಿಗೆ ಕೊಟ್ಟರು.

ಆ ಎಂಜಿನಿಯರ್ ಪಾಪ, ತಮ್ಮ ಕೆಲಸದ ಮೇಲೆ ಇದೂ ಒಂದು. ಮೊದಲ ಸಲ ಬಂದಾಗ ನೀರು ಇಳಿದೇ ಇರಲಿಲ್ಲ. ದಂಡೆಯಲ್ಲಿ ಗಜನಿ, ಅಂದರೆ ಹಿನ್ನೀರಿನ ಅಂಚಿನ ಉಪ್ಪುನೀರಿನ ಗದ್ದೆ, ಮಾಡುವ ಒಬ್ಬ ಅಜ್ಜ ಹೇಳಿದರಂತೆ, “ಅಷ್ಟಮಿ ದಿನ ಬಂದ್ರೆ ಎಂತ ಕಾಣ್ತದೆ ಸಾಯೇಬ್ರೆ? ಅಮಾಸೆ ಕಳ್ದು ಬನ್ನಿ.” ಅವರು ಅಮಾವಾಸ್ಯೆ ಕಳೆದು ಬಂದರು. ಆ ದಿನ ನಾನು ಹಿನ್ನೀರಿನ ಈಚೆ ದಡದಲ್ಲಿ ಬೇರೆ ಕೆಲಸ ನೋಡುತ್ತಿದ್ದೆ. ಆಚೆ ಕೆಸರಿನಲ್ಲಿ ಮೊಣಕಾಲವರೆಗೆ ಪ್ಯಾಂಟ್ ಮಡಚಿ ಅವರು ನಿಂತದ್ದು, ಒಬ್ಬ ಹುಡುಗ ಕೆಂಪು ಬಿಳಿ ಪಟ್ಟಿಯ ಅಳತೆಕೋಲು ಹಿಡಿದು ಪಾಯದೊಳಗೆ ಇಳಿದದ್ದು ಕಾಣುತ್ತಿತ್ತು. ಮೈದುನ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ಕೈ ಸೊಂಟದಿಂದ ಗಾಳಿಗೆ ಬಂತು. ಜಗಳ ಅಂತ ಇಲ್ಲಿಂದಲೇ ಗೊತ್ತಾಯಿತು.

ಸಂಕದ ಹತ್ತಿರದ ಮೂಲೆಯಲ್ಲಿ ಗಟ್ಟಿ ನೆಲ ಸಿಗುವ ಮೊದಲೇ ಪಾಯದ ತಳಕ್ಕೆ ಕಾಂಕ್ರೀಟ್ ಬೆಡ್ ಹಾಕಲು ತಯಾರಿ ಮಾಡಿದ್ದರು. ಇನ್ನೂ ತೋಡಿ ಅಂತ ಆ ಎಂಜಿನಿಯರ್ ನಿಲ್ಲಿಸಿದರು. ತೋಡುವಷ್ಟರಲ್ಲಿ ಭರತ ಬಂತು, ಪಾಯದ ತುಂಬ ನೀರು, ಬದಿ ಕುಸಿಯಿತು. ಮತ್ತೆ ಪಂಪ್, ಮತ್ತೆ ಆಳು. ಆ ತಿಂಗಳು ಟಿಪ್ಪರಿನ ಕಂತು ನಮ್ಮವರ ಖಾತೆಯಿಂದಲೇ ಹೋಯಿತು.

ಮೈದುನ ಅಂದು ರಾತ್ರಿ ಊಟಕ್ಕೆ ಕೂರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ: “ಬೇರೆಯವ್ರು ಮನೆಯವ್ರಿಗೆ ಕೆಲಸ ಕೊಡಿಸ್ತಾರೆ ಅತ್ತಿಗೆ. ನೀವು ಮನೆಯವ್ನ ಮೇಲೆ ಹೊರಗಿನವ್ರನ್ನ ಬಿಟ್ರಿ. ಅವ್ರು ನಿಮ್ಮ ಕಾಗದ ನೋಡಿಯೇ ಜಾಸ್ತಿ ಬಿಗಿ ಮಾಡ್ತಾ ಇದ್ದಾರೆ.”

ಅವನ ಮಾತಿನಲ್ಲಿ ಅರ್ಧ ನ್ಯಾಯ ಇತ್ತು. ಎಲ್ಲರ ಕಣ್ಣು ಬಿದ್ದ ಫೈಲಿನಲ್ಲಿ ಯಾವ ಎಂಜಿನಿಯರೂ ಸಡಿಲ ಬಿಡೋದಿಲ್ಲ. ಬೇರೆ ಗುತ್ತಿಗೆದಾರನಿಗೆ ಸಿಗುವ ಸಣ್ಣ ರಿಯಾಯಿತಿಯೂ ಅವನಿಗೆ ಸಿಗಲಿಲ್ಲ. ಮತ್ತೆ, ಅಳತೆಗೆ ಕಾಯುವ ದಿನಗಳ ನಷ್ಟ ಅವನದೇ. ಹತ್ತಿರದಲ್ಲೇ ಇರುವ ನಾನು ಇಳಿತ ನೋಡಿಕೊಂಡು ಹೋಗಿ ಬರೆಯೋದಕ್ಕೂ, ಹೊನ್ನಾವರದಿಂದ ಒಬ್ಬರು ಬಿಡುವು ಮಾಡಿಕೊಂಡು ಬರೋದಕ್ಕೂ ವ್ಯತ್ಯಾಸ ಇದೆ. ಬದಿಗೆ ಸರಿಯೋದರ ಖರ್ಚು ಸರಿದವಳಿಗಿಂತ ಜಾಸ್ತಿ ಇನ್ನೊಬ್ಬನ ಮೇಲೆ ಬೀಳುತ್ತದೆ ಅನ್ನೋದನ್ನು ನಿಯಮ ಬರೆಯುವವರು ಯೋಚಿಸಿದ ಹಾಗೆ ಕಾಣೋದಿಲ್ಲ. ಬದಲಿ ಎಂಜಿನಿಯರ್ ಇಂತಿಷ್ಟು ದಿನದಲ್ಲಿ ಬಂದು ಅಳತೆ ಮುಗಿಸಬೇಕು ಅಂತ ಆದೇಶದಲ್ಲೇ ಬರೆದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ.

ನಮ್ಮವರು ಆ ರಾತ್ರಿ ಒಂದು ಪ್ರಶ್ನೆ ಕೇಳಿದರು. “ನೀನೇ ಅಳತೆಗೆ ಹೋಗಿದ್ರೆ ಆ ಮೂಲೆ ತೋಡಿಸ್ತಿದ್ದೆಯಾ?” ತೋಡಿಸುತ್ತಿದ್ದೆ ಅಂತ ಹೇಳಬಹುದಿತ್ತು. ಆ ಜಾಗದ ಜೇಡಿ ನಾನೇ ನೋಡಿದ್ದು. ಆದರೆ ಕಂತಿನ ತಾರೀಕೂ ನನಗೆ ಗೊತ್ತಿತ್ತು, ನೀರು ಏರುತ್ತಾ ಬರುವಾಗ ಅವನ ಮುಖವೂ ಎದುರಿಗೇ ಇರುತ್ತಿತ್ತು. “ನನ್ನನ್ನು ಆ ಪರೀಕ್ಷೆಗೆ ಕೂರಿಸಬೇಡಿ ಅಂತಲೇ ಬರೆದುಕೊಟ್ಟದ್ದು” ಅಂದೆ.

ಬಿಲ್ ಆಯಿತು. ತಡವಾಗಿ, ಆದರೆ ಪೂರ್ತಿ. ಗೋಡೆ ನಿಂತಿದೆ, ಸಂಕದ ಮೇಲೆ ಮಕ್ಕಳು ಶಾಲೆಗೆ ಹೋಗುತ್ತಾರೆ. ಮೈದುನ ಈಗ ನನ್ನ ಸೆಕ್ಷನ್ ಬಿಟ್ಟು ಶಿರಸಿ, ಸಿದ್ದಾಪುರ ಕಡೆ ಟೆಂಡರ್ ಹಾಕುತ್ತಾನೆ. ಅವನು ಹಾಗೆ ಹೇಳಿ ಮಾಡಿದ್ದಲ್ಲ, ತಾನಾಗಿ ಆದದ್ದು. ಮಾತು ಬಿಟ್ಟಿಲ್ಲ, ಕಡಿಮೆ ಆಗಿದೆ. ಗಣೇಶ ಚೌತಿಗೆ ಪಂಚಕಜ್ಜಾಯ ತಂದುಕೊಟ್ಟಾಗ “ತಗೊಳ್ಳಿ ಅತ್ತಿಗೆ, ಇದಕ್ಕೆ ಟೆಂಡರ್ ಇಲ್ಲ” ಅಂದ. ನಾನೂ ನಕ್ಕೆ, ಅತ್ತೆಯೂ ನಕ್ಕರು.

ಕೆಲಸ ಮುಗಿದರೂ ನನ್ನ ಕಾಗದದ ಕೆಲಸ ಮುಗಿದಿಲ್ಲ. ದೋಷ ಸರಿಪಡಿಸುವ ಅವಧಿ ಇನ್ನೂ ಇದೆ. ಅಷ್ಟರವರೆಗೆ ಗೋಡೆ ಬಿರುಕು ಬಿಟ್ಟರೆ ಗುತ್ತಿಗೆದಾರ ಸರಿ ಮಾಡಿಕೊಡಬೇಕು, ಬಿರುಕು ಇದೆಯೋ ಇಲ್ಲವೋ ಎಂಜಿನಿಯರ್ ನೋಡಿ ಬರೆಯಬೇಕು. ಠೇವಣಿ ವಾಪಸ್ ಕೊಡುವಾಗ ಮತ್ತೆ ಒಂದು ಸಹಿ. ಅದಕ್ಕೂ ಮೂರನೇ ಕಾಗದ ಕೊಟ್ಟಿದ್ದೇನೆ. ಅದರ ಜೊತೆ, ಇನ್ನು ಮುಂದೆ ಉಪವಿಭಾಗದ ಪ್ರತಿ ಟೆಂಡರ್ ಫೈಲಿನ ಮೊದಲ ಪುಟದಲ್ಲಿ ಎಸ್ಟಿಮೇಟ್ ಮಾಡಿದವರು, ಪರಿಶೀಲಿಸುವವರು, ಅಳತೆ ಬರೆಯುವವರು ಮೂವರೂ “ಟೆಂಡರ್ ಹಾಕಿದವರಲ್ಲಿ ನನ್ನ ನೆಂಟರು ಇಲ್ಲ, ಹಣದ ವ್ಯವಹಾರ ಇಲ್ಲ” ಅಂತ ಸಹಿ ಮಾಡುವ ಒಂದು ಚೀಟಿ ಇಡಿ ಅಂತಲೂ ಕೇಳಿದ್ದೇನೆ. ಚೀಟಿಯ ಕರಡನ್ನೂ ನಾನೇ ಟೈಪ್ ಮಾಡಿ ಕೊಟ್ಟೆ. ಅಧೀಕ್ಷಕರು ಅದಕ್ಕೊಂದು ಫೈಲ್ ತೆರೆದು ನಂಬರ್ ಹಾಕಿದ್ದಾರೆ. ಮೇಲಿನಿಂದ ಉತ್ತರ ಬಂದಿಲ್ಲ. ಆದರೆ ಬೇರೆ ಸೆಕ್ಷನ್ನಿನ ಇಬ್ಬರು, ಯಾರಿಗೂ ಹೇಳಬೇಡಿ ಅಂತ, ನನ್ನ ಮೊದಲ ಕಾಗದದ ಜೆರಾಕ್ಸ್ ತೆಗೆದುಕೊಂಡು ಹೋಗಿದ್ದಾರೆ. ಒಬ್ಬರ ಭಾವ ಜಲ್ಲಿ ಕ್ರಷರ್ ಇಟ್ಟಿದ್ದಾರೆ. ಇನ್ನೊಬ್ಬರದು ಏನು ಅಂತ ನಾನು ಕೇಳಲಿಲ್ಲ.

ಮೊನ್ನೆ ಆ ಊರಿನಿಂದ ಫೋನ್ ಬಂತು. ಗೋಡೆಯ ನೀರಿನ ತೂತು ಕಟ್ಟಿಕೊಂಡಿದೆ, ಬಂದು ನೋಡಿ ಅಂತ. ನಾನು ಹೊನ್ನಾವರದ ಎಂಜಿನಿಯರ್ ನಂಬರ್ ಕೊಟ್ಟೆ. ಆಚೆಯವರಿಗೆ ಅರ್ಥ ಆಗಲಿಲ್ಲ. “ನೀವು ಇಲ್ಲೇ ಹತ್ರ ಇದ್ದೀರಲ್ಲ ಮೇಡಂ, ಅವ್ರು ಅಷ್ಟು ದೂರದಿಂದ ಎಂತಕ್ಕೆ?” ಅಂದರು. ಕಾರಣ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಸರಿ, ನಂಬರ್ ಇನ್ನೊಂದ್ಸಲ ಹೇಳಿ, ಬರ್ಕೊಳ್ತೆ” ಅಂದರು.